ಫ್ರೇಮಿನ ಅಡಿಯಿಂದ ಕೇಳಿದ್ದು

ಬಾಗಿಲು ಎಳೆದುಕೊಂಡು ಬನ್ನಿ, ಹೇಳ್ತೇನೆ. ಜೋರಾಗಿ ಹೇಳುವ ಸಂಗತಿ ಅಲ್ಲ ಇದು. ನನ್ನ ದೊಡ್ಡಮ್ಮನ ಮಗ ಲತೀಶನಿಗೆ ಆದದ್ದು. ಕೊನೆಗೆ ನಾನೂ ಅಲ್ಲಿಯೇ ಇದ್ದೆ. ಹಾಗಾಗಿ ಯಾರೋ ಯಾರಿಗೋ ಹೇಳಿದ್ದು ಅಂತ ತಿಳಿಯಬೇಡಿ.

ಲತೀಶನ ಮನೆ ಆಲಂಕಾರು ಪೇಟೆಯಿಂದ ಒಳಗೆ. ಬಸ್ಸಿಳಿದು ಮಣ್ಣಿನ ದಾರಿಯಲ್ಲಿ ನಡೆಯಬೇಕು. ದಾರಿಯ ಬದಿಗೆ ಒಂದು ಹಳೆ ಬಾವಿ ಉಂಟು. ಕಟ್ಟೆ ಗಿಟ್ಟೆ ಇಲ್ಲ, ಯಾರೂ ಬೀಳದ ಹಾಗೆ ಸುತ್ತ ಕಲ್ಲು ಇಟ್ಟಿದ್ದಾರೆ ಅಷ್ಟೆ. ಆ ದಿನ ಅವ ಪುತ್ತೂರಿಗೆ ಹೋಗಿ ಬರುವಾಗ ಕತ್ತಲಾಗಿತ್ತು. ಒಂದು ಕೈಯಲ್ಲಿ ತುಕ್ಕಿಗೆ ಹಚ್ಚುವ ಕೆಂಪು ಪೈಂಟಿನ ಡಬ್ಬ, ಇನ್ನೊಂದರಲ್ಲಿ ತಂತಿಯ ಬ್ರಶ್ಶು. ಹೆಜ್ಜೆ ಹಾಕಿದಾಗೆಲ್ಲ ಡಬ್ಬದ ಹಿಡಿ ಕಿಣಿಕ್... ಕಿಣಿಕ್... ಅನ್ನುತ್ತಿತ್ತಂತೆ. ಬಾವಿಯ ಹತ್ತಿರ ಬಂದಾಗ...

"ಒಂತೆ ದೆರ್ಪುಲೆ."

ತುಳುವಿನಲ್ಲಿ. ಸ್ವಲ್ಪ ಎತ್ತಿ, ಅಂತ.

ಲತೀಶ ನಿಂತ. ಯಾರೋ ಬಾವಿಗೆ ಬಿದ್ದಿದ್ದಾರೆ ಅಂತಲೇ ಅವ ತಿಳಿದದ್ದು. ಡಬ್ಬ ಕೆಳಗಿಟ್ಟು ಮೊಬೈಲಿನ ಟಾರ್ಚ್ ಹಾಕಿ ಬಗ್ಗಿದ. ನೀರು ಅಲುಗದೆ ಇತ್ತು. ಒಂದು ಕಪ್ಪೆ ಸಹ ಇಲ್ಲ. "ಯಾರು?" ಅಂತ ಕರೆದ. ಅವನ ಸ್ವರವೇ ಬಾವಿಯಿಂದ ವಾಪಸು ಬಂತು.

ಮತ್ತೊಮ್ಮೆ ಕೇಳಿತು. ಈ ಸಲ ಬೆನ್ನಿನ ಕಡೆಯಿಂದ. ಅವನ ಮನೆಯ ಕಡೆಯಿಂದ. "ಒಂತೆ ದೆರ್ಪುಲೆ..."

ಅವ ಓಡಿದ. ಹೆಂಡತಿ ಸುಪ್ರಿತಾ ಒಬ್ಬಳೇ ಮನೆಯಲ್ಲಿದ್ದದ್ದು. ಅವಳು ಅಂಗಳದಲ್ಲಿ ನಿಂತಿದ್ದಳು, ಕೈಯಲ್ಲಿ ಟಾರ್ಚ್. ಇವನನ್ನು ಕಂಡ ಕೂಡಲೇ ಪಿಸುಗುಟ್ಟಿದಳು: "ನಿಮಗೂ ಕೇಳಿತಾ?"

ಟಾರ್ಚಿನ ಬೆಳಕು ಬಿದ್ದದ್ದು ಆ ಲಾರಿ ಫ್ರೇಮಿನ ಮೇಲೆ.

ಫ್ರೇಮಿನ ವಿಷಯ ಹೇಳಬೇಕು. ಲತೀಶ ಮೀಸೆ ಮೂಡಿದಾಗಿನಿಂದ ಬೇರೆಯವರ ಲಾರಿ ಓಡಿಸಿದವ. ತನ್ನದು ಅಂತ ಒಂದು ಬೇಕು ಅಂತ ಬಹಳ ಆಸೆ ಅವನಿಗೆ. ಐವರ್ನಾಡಿನ ಕುಶಾಲಪ್ಪ ಅನ್ನುವವರ ಹಳೆ ಲಾರಿ ಗುಜರಿಗೆ ಬಂದಿತ್ತು. ಬಾಡಿ ಪೂರ್ತಿ ತುಕ್ಕು ತಿಂದುಹೋಗಿತ್ತು, ಆದರೆ ಫ್ರೇಮು ಗಟ್ಟಿ. ಅದನ್ನು ಇವ ಕೊಂಡ. ಎರಡು ಉದ್ದದ ಕಬ್ಬಿಣದ ತೊಲೆ, ನಡುವೆ ಅಡ್ಡಪಟ್ಟಿ, ಅಷ್ಟೇ. ಚಕ್ರ ಇಲ್ಲ, ಕ್ಯಾಬಿನ್ ಇಲ್ಲ. ಮನೆಯಲ್ಲೇ ತುಕ್ಕು ತೆಗೆದು ಬಣ್ಣ ಬಳಿದು ಪುತ್ತೂರಿನ ಗ್ಯಾರೇಜಿಗೆ ಕೊಟ್ಟರೆ ಅವರು ಮೇಲಿನದ್ದು ಕಟ್ಟಿಕೊಡ್ತಾರೆ ಅಂತ ಲೆಕ್ಕ. ಕ್ರೇನಿನ ರಹ್ಮತ್ ತಂದು ಅಂಗಳದಲ್ಲಿ ಕೆಂಪು ಕಲ್ಲುಗಳ ಮೇಲೆ ಇಳಿಸಿ ಹೋದ. ಅದಾದ ವಾರದಲ್ಲೇ ದಾರಿಯ ಮೋರಿ ರಿಪೇರಿ ಅಂತ ಅಗೆದು ಹಾಕಿದರು. ನಡೆದು ಹೋಗಲಿಕ್ಕೆ ಒಂದು ಹಲಗೆ ಇಟ್ಟರು, ಬೈಕು ಸಹ ದೂಡಿಕೊಂಡು ಹೋಗಬೇಕು.

ಆ ಕತ್ತಲಲ್ಲಿ ಗಂಡ ಹೆಂಡತಿ ಬಗ್ಗಿ ನೋಡಿದರು. ಫ್ರೇಮಿನ ಅಡಿಯಲ್ಲಿ ಮಣ್ಣು. ಉದುರಿದ ತುಕ್ಕು. ಬೇರೆ ಏನೂ ಇಲ್ಲ.

"ಗಾಳಿ," ಅಂದ ಲತೀಶ.

"ಗಾಳಿ ತುಳು ಮಾತಾಡ್ತದಾ?" ಅಂದಳು ಸುಪ್ರಿತಾ.

ಮರುದಿನ ಹಗಲು. ಒಳ್ಳೆ ಬಿಸಿಲು. ಹಗಲಿನ ಧೈರ್ಯವೇ ಬೇರೆ ಅಲ್ಲವಾ? ಮುಖಕ್ಕೆ ಬೈರಾಸು ಕಟ್ಟಿಕೊಂಡು, ಗೋಣಿ ಹಾಸಿ, ಫ್ರೇಮಿನ ಅಡಿಗೆ ಅಂಗಾತ ಮಲಗಿ ತಂತಿ ಬ್ರಶ್ಶಿನಿಂದ ಉಜ್ಜಲಿಕ್ಕೆ ಶುರು ಮಾಡಿದ. ಕರ್ರ್... ಕರ್ರ್... ಕರ್ರ್... ಸುಪ್ರಿತಾ ಜಗಲಿಯಲ್ಲಿ ಕೂತು ಬೀನ್ಸ್ ಮುರಿಯುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಅವಳು ಮೆಲ್ಲಗೆ ಕೇಳಿದಳು:

"ಹೌದಾ... ನೀವು ಈ ಕೊನೆಯಲ್ಲಿ ಇದ್ದೀರಲ್ಲ. ಆ ಕೊನೆಯಲ್ಲಿ ಉಜ್ಜುದು ಯಾರು?"

ಲತೀಶ ಬ್ರಶ್ಶು ನಿಲ್ಲಿಸಿದ. ಶಬ್ದ ನಿಲ್ಲಲಿಲ್ಲ. ಚರ್... ಚರ್... ಚರ್... ತಂತಿಯ ಶಬ್ದ ಅಲ್ಲ. ಉಗುರಿನದ್ದು. ಅವನ ಕಾಲಿನಿಂದ ಆಚೆ, ಅಡ್ಡಪಟ್ಟಿಯ ಕೆಳಬದಿಯಿಂದ ತುಕ್ಕು ಸಣ್ಣಗೆ ಉದುರುತ್ತಾ ಇತ್ತು. ಅದು ನೆಲಕ್ಕೆ ಬೀಳಲಿಲ್ಲವಂತೆ. ನೆಲಕ್ಕಿಂತ ಒಂದು ಗೇಣು ಮೇಲೆಯೇ ನಿಲ್ಲುತ್ತಿತ್ತು... ಅಲ್ಲಿ ಯಾರದ್ದೋ ಎದೆ ಇದ್ದ ಹಾಗೆ.

ಅವನ ಕಿವಿಯ ಹತ್ತಿರವೇ ಕೇಳಿತು. "ಒಂತೆ ದೆರ್ಪುಲೆ."

ಹೇಗೆ ಹೊರಗೆ ಬಂದ ಅಂತ ಅವನಿಗೇ ನೆನಪಿಲ್ಲ. ಮೊಣಕೈಯ ಚರ್ಮ ಕಿತ್ತುಹೋಗಿತ್ತು.

ಒಂದು ಮಾತು ಹೇಳ್ತೇನೆ ಕೇಳಿ. ಬೇರೆ ಯಾರಾದರೂ ಆಗಿದ್ದರೆ ಹೆದರಿ ಅದನ್ನು ಅಲ್ಲಿಯೇ ಬಿಡುತ್ತಿದ್ದರು. ಆದರೆ ಲತೀಶ ಗುಂಡ್ಯದಿಂದ ಮೇಲೆ ಘಾಟಿಯಲ್ಲಿ ಎಷ್ಟೋ ಲಾರಿ ಮಗುಚಿದ್ದನ್ನು ನೋಡಿದವ. ಅಡಿಗೆ ಸಿಕ್ಕಿದವರು ಹೇಗೆ ಕರೆಯುತ್ತಾರೆ ಅಂತ ಅವನಿಗೆ ಗೊತ್ತು. ಅವನೇ ನನ್ನ ಹತ್ತಿರ ಹೇಳಿದ್ದು: "ಮೊದಲು ಬೊಬ್ಬೆ ಹಾಕ್ತಾರೆ. ಆಮೇಲೆ ಶಕ್ತಿ ಹೋದ ಹಾಗೆ ಮರ್ಯಾದೆಯಲ್ಲಿ ಕೇಳ್ತಾರೆ. ಇದು ಮರ್ಯಾದೆಯಲ್ಲಿ ಕೇಳ್ತಾ ಉಂಟು."

ಅವ ಜಾಕಿ ತಂದ. ಒಂದು ಕೊನೆಗೆ ಕೊಟ್ಟು ಏರಿಸಿದ. ಟಿಕ್... ಟಿಕ್... ಟಿಕ್... ಕಬ್ಬಿಣ ಕಲ್ಲು ಬಿಟ್ಟು ಎದ್ದಿತು. "ಸಾಕಾ?" ಅಂತ ಕೇಳಿದನಂತೆ, ಯಾರ ಹತ್ತಿರ ಅಂತ ಗೊತ್ತಿಲ್ಲದೆ.

"ನನ ಒಂತೆ."

ಇನ್ನೂ ಸ್ವಲ್ಪ. ಜಾಕಿ ಮುಗಿಯುವವರೆಗೆ ಏರಿಸಿದ. ಕಲ್ಲಿನ ಮೇಲೆ ಕಲ್ಲು ಇಟ್ಟ. "ನನ ಒಂತೆ..." ಅಷ್ಟೇ. ಎಷ್ಟು ಎತ್ತಿದರೂ ಅಷ್ಟೇ.

ಮೇಲಿನ ಮನೆಯ ಶಫೀಕನನ್ನೂ, ಅವನ ಜೊತೆ ಮರದ ಕೆಲಸಕ್ಕೆ ಹೋಗುವವರನ್ನೂ ಕರೆದ. ಕಲ್ಲು ಬದಲಿಸಲಿಕ್ಕೆ ಉಂಟು, ಒಮ್ಮೆ ಎತ್ತಿ ಹಿಡಿಯಬೇಕು ಅಂತ ಸುಳ್ಳು ಹೇಳಿದ. ಅವರು ಅಡಿಗೆ ಹಲಸಿನ ತೊಲೆ ತೂರಿಸಿ, "ಹೋ..." ಅಂತ ಒಟ್ಟಿಗೆ ಎತ್ತಿದರು. ಸೊಂಟದವರೆಗೆ ಬಂತು. ಎದೆಯವರೆಗೆ ಬಂತು. ಲತೀಶ ಮೊಣಕಾಲೂರಿ ಅಡಿಗೆ ಕಿವಿ ಕೊಟ್ಟಿದ್ದ.

"ಇನ್ನೂ ಸ್ವಲ್ಪ ಅಂತೆ," ಅಂದ.

"ಯಾರಂತೆ?" ಅಂದ ಶಫೀಕ್. ಅವನ ಕುತ್ತಿಗೆಯ ನರ ಉಬ್ಬಿತ್ತು. "ಇನ್ನು ಆಗುದಿಲ್ಲ ಮಾರಾಯ. ಕೈ ಬಿಡ್ತದೆ. ಏಳು ನೀನು, ಏಳು!"

ಇಳಿಸಿದರು. ಮೆಲ್ಲಗೇ ಇಳಿಸಿದ್ದು.

ಕಬ್ಬಿಣ ಕಲ್ಲಿನ ಮೇಲೆ ಕೂತರೆ ಠಣ್ ಅನ್ನಬೇಕಲ್ಲ? ಅನ್ನಲಿಲ್ಲ. ಒದ್ದೆ ಗೋಣಿಯ ಮೇಲೆ ಭಾರ ಇಟ್ಟ ಹಾಗೆ... ಪುಸ್ಸ್... ಅಂತ ಒಂದು ಶಬ್ದ. ಅದರ ಹಿಂದಿನಿಂದ ಒಂದು ನರಳಿಕೆ. ಉದ್ದಕ್ಕೆ. ಉಸಿರು ಪೂರ್ತಿ ಹೊರಗೆ ಹೋಗುವಷ್ಟು ಉದ್ದಕ್ಕೆ. ಅದು ಎಲ್ಲರಿಗೂ ಕೇಳಿತು.

ಶಫೀಕ್ ಬಗ್ಗಿ ನೋಡಿದ. ಆಚೆ ಬದಿಯ ಬೆಳಕು ಈಚೆ ಕಾಣುತ್ತಿತ್ತು. ಮಧ್ಯೆ ಏನೂ ಇಲ್ಲ. ಅವ ಬೈರಾಸು ಹೆಗಲಿಗೆ ಹಾಕಿಕೊಂಡು ಹೊರಟ, ಉಳಿದವರೂ ಹಿಂದೆಯೇ. ಚಾ ಮಾಡಿದ್ದೇನೆ ಅಂತ ಸುಪ್ರಿತಾ ಕರೆದಳು. ಯಾರೂ ತಿರುಗಲಿಲ್ಲ. ಆಮೇಲೆ ಎತ್ತಲಿಕ್ಕೆ ಅಂತ ಒಬ್ಬರೂ ಆ ಅಂಗಳಕ್ಕೆ ಬರಲಿಲ್ಲ.

ಲತೀಶ ರಹ್ಮತ್‌ಗೆ ಫೋನು ಮಾಡಿದ. ರಹ್ಮತ್ ಅಂದ: "ಮೋರಿ ಅಗೆದು ಹಾಕಿದ್ದಾರಲ್ಲ ಲತೀಶಣ್ಣ. ಕ್ರೇನು ಎಲ್ಲಿಂದ ದಾಟಿಸುದು ನಾನು? ಕೆಲಸ ಮುಗಿಯಲಿ." ಮೋರಿಯ ಹತ್ತಿರ ಹೋಗಿ ಕೇಳಿದರೆ ಪೈಪು ಬರಲಿಲ್ಲ ಅಂದರು. ಗ್ಯಾಸ್ ಕಟ್ಟರ್ ತಂದು ಅಲ್ಲಿಯೇ ತುಂಡು ಮಾಡುವ ಅಂತ ಲತೀಶ ಒಮ್ಮೆ ಯೋಚಿಸಿದ್ದ. ಸುಪ್ರಿತಾ ಕೇಳಿದಳು: "ತುಂಡು ಮಾಡಿದ್ರೆ ಅದು ಅವರ ಮೇಲೆಯೇ ಬೀಳುದಲ್ಲವಾ?"

ಅವರು ಅಂತ ಹೇಳಿದಳು ನೋಡಿ. ಅಷ್ಟು ಹೊತ್ತಿಗೆ ಅದು ಮನೆಯ ಜನ ಆಗಿತ್ತು.

ಇಬ್ಬರೂ ಐವರ್ನಾಡಿಗೆ ಹೋದರು. ಕುಶಾಲಪ್ಪ ಒಳ್ಳೆ ಮನುಷ್ಯ, ಕೂರಿಸಿ ಮಾತಾಡಿಸಿದರು. ಈ ಲಾರಿಯ ಅಡಿಗೆ ಯಾರಾದರೂ ಬಿದ್ದದ್ದು ಉಂಟಾ ಅಂತ ಲತೀಶ ಕೇಳಿಯೇಬಿಟ್ಟ. ಅವರು ನಕ್ಕರು. "ಶೋರೂಮಿನಿಂದ ಇಳಿಸಿದ್ದು ನಾನು, ಗುಜರಿಗೆ ಕೊಟ್ಟದ್ದೂ ನಾನು. ಮಧ್ಯೆ ಒಂದು ಕೋಳಿ ಸತ್ತದ್ದಿಲ್ಲ ಅದರ ಅಡಿಯಲ್ಲಿ."

ಸುಳ್ಳು ಹೇಳುವ ಮುಖ ಅಲ್ಲ ಅದು. ಅಲ್ಲಿಗೆ ದಾರಿ ಮುಚ್ಚಿತು. ಯಾರು ಅಂತ ಗೊತ್ತಿದ್ದರೆ ಒಂದು ಅನ್ನ ಬಡಿಸಿ ಇಡಬಹುದು, ಹೆಸರು ಹಿಡಿದು ಹೇಳಿಕೊಳ್ಳಬಹುದು. ಯಾರೂ ಅಲ್ಲದವರಿಗೆ ಎಂತ ಮಾಡುದು?

ಗೇಟಿನವರೆಗೆ ಕುಶಾಲಪ್ಪನ ಹೆಂಡತಿ ನೀಲಾವತಿ ಬಂದರು. ಹಿಂದೆ ತಿರುಗಿ ನೋಡಿ, ಅವರ ಮನೆಮಾತು ಅರೆಭಾಷೆಯಲ್ಲಿ, ತುಟಿ ಅಲುಗದ ಹಾಗೆ ಕೇಳಿದರು: "ಎತ್ತಿ ಅಂತ ಹೇಳ್ತಾರಾ ಈಗಲೂ?"

ಸುಪ್ರಿತಾ ಅವರ ಕೈ ಹಿಡಿದಳು. "ನಿಮಗೂ...?"

"ಲಾರಿ ಅಂಗಳದಲ್ಲಿ ನಿಂತಾಗ ಮಾತ್ರ. ಇವರಿಗೆ ಕೇಳುದಿಲ್ಲ. ನಮ್ಮ ಭಾಷೆಯಲ್ಲೇ ಕೇಳ್ತಿದ್ರು ನನ್ನ ಹತ್ತಿರ."

"ನೀವು ಎಂತ ಮಾಡಿದ್ರಿ?"

"ಅಷ್ಟು ದೊಡ್ಡ ಲಾರಿ... ನಾನು ಎಲ್ಲಿಂದ ಎತ್ತುದು?" ಅಂದರು ನೀಲಾವತಿ. ಅವರ ಕಣ್ಣು ತುಂಬಿತ್ತು. "ಜನ ಬರ್ತಾರೆ, ತಡ್ಕೊಳ್ಳಿ ಅಂತ ಹೇಳ್ತಿದ್ದೆ. ಹಾಗೆ ಹೇಳಿದ್ರೆ ಸುಮ್ಮನಾಗ್ತಿದ್ರು."

ಆ ದಿನದಿಂದ ಸುಪ್ರಿತಾಳದ್ದು ಅದೇ ಕೆಲಸ. ದೀಪ ಹಚ್ಚುವ ಹೊತ್ತಿಗೆ ಮಣೆ ತಂದು ಫ್ರೇಮಿನ ಹತ್ತಿರ ಕೂರುದು. "ಜನ ಬರ್ತಾರೆ. ಮೋರಿ ಆಗ್ತಾ ಉಂಟು. ತಡ್ಕೊಳ್ಳಿ." ಪೈಪು ಬಂತು ಅಂತ ಹೇಳುದು. ಕಾಂಕ್ರೀಟು ಹಾಕಿದ್ರು ಅಂತ ಹೇಳುದು. ಲತೀಶ ಊಟ ಬಿಟ್ಟಿದ್ದ. ತಂದ ಪೈಂಟು ಡಬ್ಬದಲ್ಲೇ ಇತ್ತು. ಇನ್ನೊಬ್ಬರು ಮಲಗಿರುವಲ್ಲಿ ಬಣ್ಣ ಬಳಿಯುದು ಹೇಗೆ ಅಂತ ಕೇಳಿದ ನನ್ನ ಹತ್ತಿರ.

ಸ್ವರ ದಿನದಿಂದ ದಿನಕ್ಕೆ ಸಣ್ಣದಾಯಿತು. ನಾನು ಹೋದ ದಿನ ಮಾತು ಇರಲಿಲ್ಲ. ಉಗುರು ಮಾತ್ರ. ಚರ್... ಬಹಳ ಹೊತ್ತು ಬಿಟ್ಟು ಮತ್ತೊಂದು... ಚರ್... ನಾನು ಕೇಳಿದ್ದೇನೆ. ನನ್ನ ಎರಡೂ ಕಿವಿಯಿಂದ ಕೇಳಿದ್ದೇನೆ. ಸುಪ್ರಿತಾ ನನ್ನನ್ನು ನೋಡಿ ಹೇಳಿದಳು: "ಬೇಗ ಆಗದಿದ್ರೆ ಇವರು ಉಳಿಯುದಿಲ್ಲ." ಸತ್ತವರು ಮತ್ತೆ ಉಳಿಯುದು ಎಂತದು ಅಂತ ನಾನು ಕೇಳಲಿಲ್ಲ. ಕೇಳುವ ಹಾಗಿರಲಿಲ್ಲ ಅವಳ ಮುಖ.

ಮೋರಿ ಆಯಿತು. ರಹ್ಮತ್ ಬಂದ. ಮಧ್ಯಾಹ್ನದ ಬಿಸಿಲು. ಅವನಿಗೆ ಯಾರೂ ಏನೂ ಹೇಳಿರಲಿಲ್ಲ, ಹೇಳಿದರೆ ಬರುತ್ತಿದ್ದನಾ? ಸರಪಳಿ ಖಣಿಲ್ ಅಂತ ಸಿಕ್ಕಿತು. ಉಕ್ಕಿನ ಹಗ್ಗ ಬಿಗಿದು ಟಿಂಯ್ ಅಂದಿತು. ಫ್ರೇಮು ಎದ್ದಿತು... ಎದೆಯಷ್ಟು... ತಲೆಯಷ್ಟು... ಮನೆಯ ಮಾಡಿನಷ್ಟು ಮೇಲೆ. ಅಡಿಯಲ್ಲಿ ಕೆಂಪು ಕಲ್ಲು. ಮಣ್ಣು. ಏನೂ ಇಲ್ಲ. ಲತೀಶ ಅಲ್ಲಿಯೇ ಕುಕ್ಕರಗಾಲಿನಲ್ಲಿ ಕೂತು ಅತ್ತ. ತಡವಾಯಿತು ಅಂತಲೇ ನಾವು ಮೂವರೂ ತಿಳಿದದ್ದು.

ರಹ್ಮತ್ ಫ್ರೇಮನ್ನು ಪಕ್ಕಕ್ಕೆ ಇಳಿಸಿದ. ಇಂಜಿನ್ ಬಂದ್ ಮಾಡಿ ಕೆಳಗೆ ಹಾರಿದ. ಸಿಟ್ಟಿನಲ್ಲಿ ನೇರ ನಮ್ಮ ಹತ್ತಿರ ಬಂದ.

"ಬುದ್ಧಿ ಉಂಟಾ ನಿಮಗೆ? ಅಡಿಯಲ್ಲಿ ಜನ ಇದ್ದಾರೆ ಅಂತ ಮೊದಲೇ ಹೇಳ್ಬಾರ್ದಾ?"

"ಯಾರು...?" ಅಂದೆ ನಾನು.

"ಈಗ ಎದ್ದು ಒಳಗೆ ಹೋದ್ರಲ್ಲ! ಗೋಡೆ ಹಿಡ್ಕೊಂಡು ಹೋದ್ರಲ್ಲ!"

ನಾವು ಅಷ್ಟು ಹೊತ್ತೂ ಬಾಗಿಲಿನ ಎದುರಿಗೇ ಇದ್ದೆವು. ಯಾರೂ ಹೋಗಿರಲಿಲ್ಲ.

ಆ ಫ್ರೇಮು ಅವತ್ತೇ ಪುತ್ತೂರಿಗೆ ಹೋಯಿತು. ಲತೀಶ ಅದನ್ನು ಮತ್ತೆ ನೋಡಲಿಕ್ಕೆ ಹೋಗಲಿಲ್ಲ, ಈಗಲೂ ಬೇರೆಯವರ ಲಾರಿ ಓಡಿಸ್ತಾನೆ. ಆಮೇಲೆ ಆ ಅಂಗಳದಲ್ಲಿ ಯಾವ ಸ್ವರವೂ ಇಲ್ಲ. ನೀವು ನಂಬಿ, ಬಿಡಿ. ರಹ್ಮತ್ ಕಡಬದಲ್ಲೇ ಇದ್ದಾನೆ, ಕೇಳಬಹುದು.

ಆದರೆ ನಾನು ಕಂಡದ್ದು ಇಷ್ಟು. ರಹ್ಮತ್ ಹಾಗೆ ಅಂದ ಕೂಡಲೇ ನಾನು ಒಳಗೆ ಹೋದೆ. ಹಿಂದಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಕೋಣೆಗಳಲ್ಲಿ ಯಾರೂ ಇಲ್ಲ. ಅಡುಗೆಮನೆಯಲ್ಲಿ, ಕುಡಿಯುವ ನೀರಿನ ದೊಡ್ಡ ಕೊಡಪಾನ. ಕ್ರೇನು ಬರುವ ಸ್ವಲ್ಪ ಮೊದಲು ಸುಪ್ರಿತಾ ತುಂಬಿಸಿ ಇಟ್ಟಿದ್ದಳು, ಮುಚ್ಚಳ ಹಾಕಿದ್ದು ನಾನೇ. ಮುಚ್ಚಳ ಪಕ್ಕದಲ್ಲಿ ಇತ್ತು. ನೆಲ ಒಣಗಿತ್ತು. ಕೊಡಪಾನ ಎತ್ತಿ ನೋಡಿದೆ ಮಾರಾಯ್ರೆ... ಒಳಗೆ ಒಂದು ಹನಿ ಇರಲಿಲ್ಲ.