ಗೋಡೆಗೆ ಬಂದು ನಿಂತ ಕಾರು

ಮರಾಠಿ ಸೀಮೆಯ ಐರೋಲಿಯ ಆ ಗಲ್ಲಿಗೆ ಅಡ್ಡಲಾಗಿ ಈಚೆಗೆ ಗೋಡೆ ಎದ್ದಿದೆ. ಅದರ ಪಕ್ಕದ ಕಲ್ಲುಬೆಂಚಿನಲ್ಲಿ ಕೂತಿದ್ದ ರಮಾಕಾಂತರ ಎದುರು ಅದೇ ಬಿಳಿ ಕಾರು ಎರಡನೇ ಸಲ ಬಂದು ನಿಂತಿತು. ಕಿಟಕಿಯಿಂದ ಗಂಡಹೆಂಡಿರ ಮಾತು ಕೇಳಿಸಿತು. ಅಪ್ಪಟ ಉಡುಪಿ ಕನ್ನಡ! ಬೆಳಗಿನಿಂದ ಯಾರೊಡನೆಯೂ ತುಟಿ ಬಿಚ್ಚದಿದ್ದ ರಮಾಕಾಂತರ ಕಿವಿ ನಿಮಿರಿತು.

“ಆ ಅಜ್ಜನ ಹತ್ರ ಕೇಳಿ ಮಾರಾಯ್ರೆ.”

“ಬೇಡ. ಮ್ಯಾಪ್ ಉಂಟಲ್ಲ.”

“ಗೋಡೆಗೆ ತಂದು ನಿಲ್ಲಿಸಿದ್ದು ಅದೇ ಮ್ಯಾಪ್ ಅಲ್ವಾ?”

“ಇಂಥವರು ಒಮ್ಮೆ ಬಾಯಿ ತೆರೆದ್ರೆ ಬಿಡೂದಿಲ್ಲ. ಮಾತಿಗೆ ಜನ ಸಿಗದೆ ಕೂತಿರ್ತಾರೆ.”

“ಮೆಲ್ಲ ಮಾತಾಡಿ!”

“ಅವರಿಗೆ ಕನ್ನಡ ಎಲ್ಲಿ ಬರ್ತದೆ?”

ಹೆಂಡತಿಯೇ ತಲೆ ಹೊರಗೆ ಹಾಕಿದಳು. “ಅಂಕಲ್, ಸ್ಟೇಷನ್ ಕಿಧರ್ ಹೈ?”

ಈಗ ಕನ್ನಡ ಆಡಿದರೆ ಪಾಪ, ಈ ಹುಡುಗಿ ನಾಚಿಕೆಯಿಂದ ಕುಗ್ಗಿಹೋದಾಳು. ನಾಲಗೆಯ ತುದಿಗೆ ಬಂದದ್ದನ್ನು ರಮಾಕಾಂತರು ನುಂಗಿಕೊಂಡರು. “ಪೀಛೇ ಜಾಕೆ ಲೆಫ್ಟ್ ಮಾರೋ.”

“ಲೆಫ್ಟಂತೆ.”

“ಮ್ಯಾಪ್ ರೈಟ್ ಹೇಳ್ತಾ ಉಂಟು.”

ಕಾರು ಹಿಂದೆ ಸರಿದು ಬಲಕ್ಕೇ ತಿರುಗಿತು.

ಮನೆಗೆ ಹೊರಡಲೆಂದು ಎದ್ದಿದ್ದ ರಮಾಕಾಂತರು ಮತ್ತೆ ಕೂತರು. ಆ ರಸ್ತೆ ಸುತ್ತಿ ಬರುವುದು ಇಲ್ಲಿಗೇ.