ಎರಡನೇ ಹಿಡಿಕೆ

ಬಸ್ಸಿಗೆ ಕಾಯುತ್ತಿದ್ದ ದರ್ಜಿ ಮುಖವನ್ನು ರಸ್ತೆಯ ಕಡೆ ತಿರುಗಿಸಿದ್ದರೂ ಕಿವಿಯನ್ನು ಪಕ್ಕದಲ್ಲಿ ಕೂತ ಅಕ್ಕ-ತಮ್ಮನಿಗೇ ಕೊಟ್ಟಿದ್ದ. ತಮ್ಮನ ಮೊಬೈಲಿನಲ್ಲಿ, ಮಾರಾಟಕ್ಕಿದ್ದ ಹಳೆಯ ವಿಡಿಯೋ ಗೇಮ್ ಯಂತ್ರವೊಂದರ ಚಿತ್ರವೂ ಅದರ ದುಬಾರಿ ಬೆಲೆಯೂ ಇದ್ದವು.

“ಚಿಕ್ಕವರಿದ್ದಾಗ ಸ್ಕೂಲು ಬಿಟ್ಮೇಲೆ ಅಂಗಡೀಲಿ ನಾವು ಆಡ್ತಿದ್ವಲ್ಲ ಅಕ್ಕಾ, ವಿಮಾನ ಹೊಡೆಯೋ ಆಟ, ಅದೇ ಇದು. ಈಗ ಹುಡುಕಿದ್ರೂ ಸಿಗಲ್ಲ.”

“ನಾವಲ್ಲ, ನೀನು ಆಡ್ತಿದ್ದೆ. ನಾನು ಹಿಂದೆ ನಿಂತು ನಿನ್ನ ಚೀಲ ಹಿಡ್ಕೊಂಡಿರ್ತಿದ್ದೆ. ಅಷ್ಟು ದುಡ್ಡು ಸುರಿಯೋಕೆ ಅದರಲ್ಲೇನಿದೆಯೋ?”

“ಇಬ್ಬರು ಒಟ್ಟಿಗೆ ಆಡಬಹುದು! ನೋಡು, ಎರಡು ಹಿಡಿಕೆ.”

“ಎರಡನೇದು ಬರೀ ಶೋಗೆ ಇಟ್ಟಿರೋದು ಅಂತ ಆಗ ಅಂದಿದ್ದೆಯಲ್ಲೋ!”

ತಮ್ಮ ಮೊಬೈಲನ್ನು ಜೇಬಿಗಿಳಿಸಿದ.

“ವರ್ಷಗಟ್ಟಲೆ ನನ್ನ ಕಿವಿ ಮೇಲೆ ಹೂ ಇಟ್ಟೆಯಲ್ಲೋ, ಕಳ್ಳ!”

“ಹಾಗಾದ್ರೆ ಬೇಡ ಬಿಡು ಅಕ್ಕಾ.”

“ಯಾಕೆ ಬೇಡ? ತಗೋ. ತಂದು ನನ್ನ ಮನೇಲಿಡು.”

ಬಸ್ಸು ಬಂತು. ಅವಳು ಎದ್ದು ತನ್ನ ಚೀಲವನ್ನು ಅವನ ಎದೆಗೆ ಒತ್ತಿದಳು.

“ಹಿಡ್ಕೋ ಇದನ್ನ. ಇನ್ಮೇಲೆ ಹಿಂದೆ ನಿಲ್ಲೋನು ನೀನು.”