‘ಬಿಡ್ಲಾ?’

ಇದು ನನ್ನ ಚಿಕ್ಕಪ್ಪನ ಮಗನಿಗೆ ಆದದ್ದು. ಕಟ್ಟಿ ಹೇಳುತ್ತಿಲ್ಲ. ನಡುವೆ ಯಾರೂ ಬಾಯಿ ಹಾಕಬೇಡಿ.

ರಾತ್ರಿ ಕೆಲಸ ಮುಗಿಸಿ ಅವನೂ ಅವನ ಹೆಂಡತಿಯ ತಮ್ಮನೂ ಬಂದರಿನ ಹಳೇ ಬಾವಿಯ ಪಕ್ಕದಿಂದ ಮನೆಗೆ ಹೊರಟಿದ್ದರು. ಇಬ್ಬರೂ ಹಳೇ ಹಡಗು ಕತ್ತರಿಸುವವರು. ದಾರಿ ಒಂದೇ, ಆದರೆ ಒಬ್ಬ ಮುಂದೆ, ಒಬ್ಬ ಹಿಂದೆ. ಅಕ್ಕ ಆಸ್ಪತ್ರೆಯಲ್ಲಿ ಸಾವಿನ ದವಡೆಯಲ್ಲಿದ್ದಾಗ ಈ ತಮ್ಮ ಮುಖ ತೋರಿಸಿರಲಿಲ್ಲ. ಅಂದಿನಿಂದ ಭಾವನಿಗೂ ಅವನಿಗೂ ಸರಿಯಿಲ್ಲ.

ಬಾವಿ ದಾಟಿದ್ದೇ ಭಾವಮೈದುನ ನಿಂತ. “ಗ್ಯಾಸ್ ವಾಲ್ವ್ ಮುಚ್ಚಿದ ನೆನಪಿಲ್ಲ.”

“ನಿನಗೆ ಯಾವುದರ ನೆನಪಿದೆ? ನಡಿ. ಅದು ಸಿಡಿದ್ರೆ ನನ್ನ ತಲೆಗೆ ಬರುತ್ತೆ.”

ತಿರುಗಿ ಹೋದರು.

ಅವರು ಕತ್ತರಿಸುತ್ತಿದ್ದದ್ದು ಒಂದು ಟೆಂಡರ್. ಗುತ್ತಿಗೆಗೆ ಕರೆಯುವ ಟೆಂಡರ್ ಅಲ್ಲ. ದಡಕ್ಕೆ ಬರಲಾಗದ ದೊಡ್ಡ ಹಡಗುಗಳಿಗೆ ಪ್ರಯಾಣಿಕರನ್ನು ಮುಟ್ಟಿಸುವ ಸಣ್ಣ ಹಡಗು. ಅದರ ಒಳ್ಳೆಯ ಕಾಲದಲ್ಲಿ ಒಮ್ಮೆ ಜನ ಹತ್ತುತ್ತಿದ್ದಾಗ ಯಾರೋ ಪೆಟ್ಟಿಗೆಗಾಗಿ ಜಗಳ ತೆಗೆದ. ಕಪ್ತಾನ ಬೇಸತ್ತು, “ಹೋಗ್ಲಿ ಬಿಡು” ಅಂದ. ದಡದಲ್ಲಿ ಹಗ್ಗ ಹಿಡಿದವನ ಕಿವಿಗೆ ಬಿದ್ದದ್ದು ‘ಬಿಡು’ ಒಂದೇ. ಬಿಟ್ಟ. ಹಡಗು ಸರಿಯಿತು, ಹಲಗೆ ಜಾರಿತು, ಹಲಗೆಯ ಮೇಲಿದ್ದ ತಾಯಿ ಮಗು ಹಡಗಿಗೂ ಗೋಡೆಗೂ ನಡುವೆ... ಅಷ್ಟೇ. ವಿಚಾರಣೆಯಲ್ಲಿ ಕಪ್ತಾನ, “ನಾನು ಬಿಡು ಅಂದೇ ಇಲ್ಲ” ಎಂದು ಆಣೆ ಇಟ್ಟ. ಹಗ್ಗದವನು ಅದೇ ನೀರಿಗೆ ಹಾರಿಕೊಂಡ.

ಆಮೇಲೆ ಆ ಹಡಗಿನಲ್ಲಿ ಹಗ್ಗ ಬಿಚ್ಚಲು ‘ಸಡಿಲಿಸು’ ಅನ್ನುತ್ತಿದ್ದರು. ಮುದುಕ ಕಾವಲುಗಾರ ಇವರಿಗೂ ಹೇಳಿದ್ದ: “ಇಲ್ಲಿ ಆ ಮಾತು ಬೇಡ. ಈಗ ಆ ಹಗ್ಗದವನು ಕೇಳಿಕೊಂಡೇ ಹಗ್ಗ ಬಿಡೋದು. ಕೇಳಿದ್ರೆ ಉತ್ತರ ಕೊಡಬೇಡಿ.”

“ಬೀಡಿ ಹೊಗೇನಾದ್ರೂ ಬಿಡಬಹುದಾ?” ಎಂದು ನಮ್ಮವನು ನಕ್ಕಿದ್ದ. ಮುದುಕ ನಕ್ಕಿರಲಿಲ್ಲ.

ಭಾವಮೈದುನ ಹಲಗೆ ದಾಟಿ ಒಳಗೆ ಹೋದ. ನಮ್ಮವನು ದಡದಲ್ಲಿ ಟಾರ್ಚ್ ಹಿಡಿದು ನಿಂತ. ಗೋಡೆಗೆ ನೀರು ಚಳ್... ಚಳ್... ಕಟ್ಟಿದ ಹಗ್ಗ ಕಿರ್... ಕಿರ್...

ವಾಲ್ವ್ ನೋಡಿ ಬರುವಾಗ ಭಾವಮೈದುನ ಹಲಗೆಯ ನಟ್ಟನಡುವೆ ನಿಂತುಬಿಟ್ಟ.

“ಭಾವ.”

“ಏನು?”

“ಅವತ್ತು ಬರಬೇಕಿತ್ತು. ಅಮ್ಮ ತೀರಿಹೋಗಿದ್ದೂ ಅದೇ ವಾರ್ಡಲ್ಲಿ... ಬಾಗಿಲವರೆಗೆ ಬಂದು ವಾಪಸ್ ಹೋದೆ. ತಪ್ಪಾಯ್ತು.”

‘ಹೋಗ್ಲಿ ಬಿಡು’ ಅನ್ನುವ ಮಾತು ನಮ್ಮವನ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಹಗ್ಗದ ಸದ್ದು ನಿಂತಿತು. ಬಲಗಿವಿಯ ಹತ್ತಿರ ಒದ್ದೆ ಉಸಿರು.

“ಬಿಡ್ಲಾ?”

ನಾಲಿಗೆ ಕಚ್ಚಿಕೊಂಡ.

“ಏನಾದ್ರೂ ಹೇಳಿ, ಭಾವ.”

“ಬಿಡ್ಲಾ?” ಆ ದನಿಯಲ್ಲಿ ದುಃಖ ಇರಲಿಲ್ಲವಂತೆ. ಆಸೆ ಇತ್ತಂತೆ.

ಬಾಯಿ ಬಿಗಿಹಿಡಿದು ನಮ್ಮವನು ಬೇಡ, ಬೇಡ ಎಂದು ತಲೆ ಅಲ್ಲಾಡಿಸಿದ. ಅದನ್ನು ಹಲಗೆಯ ಮೇಲಿದ್ದವನು ನೋಡಿದ.

“ಆಯ್ತು,” ಅಂದ. ಹಲಗೆ ದಾಟಿ ದಡಕ್ಕೆ ಬಂದು, ಪಕ್ಕದಲ್ಲೇ ಹಾದು, ತಿರುಗಿ ನೋಡದೆ ನಡೆದ.

ಮರುದಿನ ನಮ್ಮವನು ಭಾವಮೈದುನನ ಮನೆಗೇ ಹೋಗಿ ಎಲ್ಲ ಬಿಡಿಸಿ ಹೇಳಿದ. ಅವನು ಬಾಗಿಲಲ್ಲೇ ನಿಲ್ಲಿಸಿ ಅಂದ: “ಕ್ಷಮಿಸೋ ಮನಸ್ಸಿಲ್ಲ ಅಂದ್ರೆ ಹಾಗಂತ ಹೇಳಿ. ದೆವ್ವದ ಮೇಲೆ ಹಾಕಬೇಡಿ.” ಈಗಲೂ ಅಕ್ಕನ ಮನೆ ಹೊಸ್ತಿಲು ತುಳಿದಿಲ್ಲ.

ನಂಬುವುದು ನಿಮಗೆ ಸೇರಿದ್ದು. ನನ್ನ ಚಿಕ್ಕಪ್ಪನ ಮಗ ಸುಳ್ಳಾಡುವವನಲ್ಲ. ಆ ರಾತ್ರಿ ಭಾವಮೈದುನ ದೂರವಾದ ಮೇಲೆ ಅವನು ಟಾರ್ಚನ್ನು ಹಡಗಿನ ಹಗ್ಗ ಕಟ್ಟುವ ಕಬ್ಬಿಣದ ಗೂಟದ ಕಡೆ ತಿರುಗಿಸಿದ. ಗೂಟದಲ್ಲಿ ಹಗ್ಗ ಇರಲಿಲ್ಲ. ಅದರ ತುದಿ ಗೂಟದಿಂದ ಒಂದು ಮೊಳ ಆಚೆ, ಆಳಿನ ಸೊಂಟದ ಎತ್ತರಕ್ಕೆ, ಗಾಳಿಯಲ್ಲಿ ಬಿಗಿಯಾಗಿ ನಿಂತಿತ್ತು.